ಹದಿನೈದು ಇಂಚಿನ ಧರ್ಮ

ಈ ವರ್ಷ ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ. ಹದಿನೈದು ಇಂಚಿಗಿಂತ ಚಿಕ್ಕದಾದ ವಾಲೈ ಮೀನು ಇನ್ನು ಮುಂದೆ ಹಾರ್ಲನ್ ಸ್ಕೋಗ್ಲಂಡನ, ಅಂದರೆ ನನ್ನ, ಬಾಣಲೆಗೆ ಬೀಳಕೂಡದು! ಮಾಡಿದ್ದು ಮನೆಯಲ್ಲಿ ಗುಟ್ಟಾಗಿ ಅಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ, ಪ್ರಾರ್ಥನೆ ಮುಗಿದು ಕಾಫಿ ಕುಡಿಯುತ್ತಿದ್ದ ಅರವತ್ತು ಜನರ ಮುಂದೆ, ಬೆಂಚಿನ ಮೇಲೆ ಹತ್ತಿ ನಿಂತು.

ನಮ್ಮ ಕೆರೆಯಲ್ಲಿ ಸಣ್ಣ ಮೀನು ಇಟ್ಟುಕೊಳ್ಳಬಾರದೆಂದು ಕಾನೂನೇನೂ ಇಲ್ಲ. ಇಪ್ಪತ್ತು ಇಂಚು ದಾಟಿದ್ದನ್ನು ಮಾತ್ರ ಒಬ್ಬರು ಒಂದೇ ಇಟ್ಟುಕೊಳ್ಳಲಿ ಎನ್ನುತ್ತದೆ, ಅಷ್ಟೆ. ಆದರೆ ಕಾನೂನು ನಿದ್ದೆ ಹೋದಲ್ಲಿ ಧರ್ಮ ಎದ್ದು ಕೂರಬೇಕಲ್ಲವೇ? ಮೂವತ್ತೊಂದು ವರ್ಷ ಮನೆಮನೆಗೆ ಅಂಚೆ ಹಂಚಿ ನಿವೃತ್ತನಾದ ನನಗೆ ಹಂಚಲು ಉಳಿದಿದ್ದು ಧರ್ಮವೊಂದೇ.

"ಹದಿನಾಲ್ಕು ಇಂಚಿಂದೇ ಕಣಯ್ಯಾ ರುಚಿ," ಎಂದು ಪಕ್ಕದ ಮನೆಯ ಟೊಯ್ವೊ ಹಿಂದಿನ ಸಾಲಿನಿಂದ ಕೂಗಿದ.

"ಟೊಯ್ವೊ, ನೀನು ಮಕ್ಕಳಕಳ್ಳ!" ಎಂದೆ. ಸಭೆ ನಕ್ಕಿತು. ನಾನು ಗೆದ್ದೆ. ಗೆದ್ದೆ ಎಂದುಕೊಂಡೆ.

ಈಗ ನನ್ನ ಸಂಕಟ ಕೇಳಿ. ನಮ್ಮ ಮಿನ್ನೆಸೋಟದಲ್ಲಿ ವಾಲೈ ಹಿಡಿಯುವ ಹಂಗಾಮು ಶುರುವಾಗುವುದು ಮೇ ತಿಂಗಳ ಒಂದು ಶನಿವಾರ. ಮರುದಿನ ತಾಯಂದಿರ ದಿನ! ಹಾಗಾಗಿ ಇಲ್ಲಿಯ ಗಂಡಸರು ತಲೆತಲಾಂತರದಿಂದ ತಾಯಿಯನ್ನು ಮನೆಯಲ್ಲಿ ಬಿಟ್ಟು ಕೆರೆಗೆ ಓಡುತ್ತಾರೆ, "ನಿನಗೋಸ್ಕರಾನೇ ಹೋಗಿದ್ದು ಅಮ್ಮಾ" ಎಂದು ಮೀನು ತಂದು ಕೊಡುತ್ತಾರೆ. ಮೀನಿದ್ದರೆ ಕ್ಷಮೆ, ಇಲ್ಲದಿದ್ದರೆ ಇಲ್ಲ. ಹೋದ ವರ್ಷ ನಾನು ಬರಿಗೈಯಲ್ಲಿ ಬಂದು, ನಮ್ಮ ಅತ್ತೆ ಆರ್ಡಿಸ್‌ಗೆ ಅಂಗಡಿಯ ಪೊಟ್ಟಣದ ಮೀನು ಕರಿದು ಬಡಿಸಿದ್ದೆ. ಆ ಸುದ್ದಿಯನ್ನು ಅವರು ಮೂರು ಜಿಲ್ಲೆಗೆ ಹಂಚಿದರು, ನಾನು ಅಂಚೆ ಹಂಚಿದ್ದಕ್ಕಿಂತ ಬೇಗ.

ಈ ಸಲ ವಾರಕ್ಕೆ ಮೊದಲೇ ಅವರ ಫೋನು ಬಂತು. "ಹಾರ್ಲನ್, ಈ ವರ್ಷಾನೂ ಪೊಟ್ಟಣದ ಮೀನೇ ಅಂದ್ರೆ ಈಗ್ಲೇ ಹೇಳಿಬಿಡಪ್ಪ. ದೊಡ್ಡ ಮಗಳ ಮನೆಗೆ ಹೋಗ್ತೀನಿ. ಆ ಅಳಿಯ ಏನಾದ್ರೂ ಒಂದು ಹಿಡಿದೇ ಹಿಡೀತಾನೆ."

"ಬನ್ನಿ ಅತ್ತೆ! ತಾಜಾ ವಾಲೈ, ಹೊಟ್ಟೆ ತುಂಬಾ! ನನ್ನ ಮಾತು!" ಎಂದೆ. ಒಂದು ಬಾಯಿ, ಎರಡು ಪ್ರತಿಜ್ಞೆ.

ಶನಿವಾರ ಗಾಳಿಯ ಅಬ್ಬರಕ್ಕೆ ದೋಣಿ ಇಳಿಸಲಾಗಲಿಲ್ಲ. ಭಾನುವಾರ ಚರ್ಚಿಗೆ ಚಕ್ಕರ್ ಹೊಡೆದು, ಬೆಳಿಗ್ಗೆ ಆರಕ್ಕೇ ಹೆಂಡತಿ ಮಾರ್ಲಿಸಳನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊರಟೆ. ಗಾಳಕ್ಕೆ ಜಿಗಣೆ ಚುಚ್ಚಿ ನೀರಿಗೆ ಬಿಟ್ಟು, ಮೀನು ಬರುವವರೆಗೆ ಅವಳಿಗೆ ಸ್ವಲ್ಪ ಜ್ಞಾನ ಕೊಡೋಣವೆಂದು ಬಾಯಿ ತೆರೆದೆ.

"ನೋಡು ಮಾರ್ಲಿಸ್, ಸಣ್ಣ ಮೀನು ಅಂದ್ರೆ ಕೆರೆಯ ಭವಿಷ್ಯ. ಅದನ್ನ ತಿನ್ನೋನು..."

"ರೀ, ನಿಮ್ಮ ಗಾಳದ ಕಡ್ಡಿ ಬಾಗ್ತಿದೆ."

"ಇರು, ಮಾತು ಮುಗಿಸ್ತೀನಿ. ಅದನ್ನ ತಿನ್ನೋನು ಬಿತ್ತನೆ ಬೀಜಾನೇ ಬೇಯಿಸಿಕೊಂಡು ತಿಂದ ಹಾಗೆ!"

ಮಾತು ಮುಗಿಸಿ ಕಡ್ಡಿ ಎತ್ತಿದರೆ, ಹದಿಮೂರೂವರೆ ಇಂಚಿನ ಮೀನು. ನನ್ನ ಭಾಷಣ ಕೇಳುತ್ತಾ ಜಿಗಣೆಯನ್ನೂ ಗಾಳವನ್ನೂ ಹೊಟ್ಟೆಯವರೆಗೆ ನುಂಗಿಬಿಟ್ಟಿತ್ತು. ಇಕ್ಕಳ ಹಾಕಿ ಎಳೆದೆ. ಕಿವಿರಿನಿಂದ ರಕ್ತ ಸುರಿಯಿತು.

"ಇದು ಬದುಕಲ್ಲ ರೀ, ಇಟ್ಕೊಳ್ಳಿ. ಅಮ್ಮನಿಗಾಗುತ್ತೆ."

"ಹದಿನೈದಕ್ಕೆ ಒಂದೂವರೆ ಕಮ್ಮಿ. ನಿಯಮ ಅಂದ್ರೆ ನಿಯಮ!"

"ಸತ್ತ ಮೇಲೆ ಬೆಳೆಯುತ್ತಾ?"

ಮೀನನ್ನು ಎರಡೂ ಕೈಯಲ್ಲಿ ಹಿಡಿದು, "ಹೋಗು ಮಗೂ, ಬೆಳೆದು ದೊಡ್ಡದಾಗಿ ಬಾ" ಎಂದು ಆಶೀರ್ವದಿಸಿ ನೀರಿಗೆ ಬಿಟ್ಟೆ. ಬಿಟ್ಟ ಮೇಲೆ ಹಿಂದಿರುಗಿ ನೋಡಲಿಲ್ಲ. ದಾನ ಮಾಡಿದವನು ಹಿಂದಿರುಗಿ ನೋಡಬಾರದು.

ಹೀಗೇ ಒಂದು, ಎರಡು, ಐದು, ಏಳು! ಎಲ್ಲವೂ ಹದಿಮೂರು, ಹದಿನಾಲ್ಕು. ನಾನು ಬೋಧಿಸಿದಷ್ಟೂ ಅವು ನುಂಗಿದವು. ಮಾರ್ಲಿಸ್ ಸುಸ್ತಾಗಿ, "ಓದೋದು ಶಾಸ್ತ್ರ, ಹಾಕೋದು ಗಾಳ ಅಂತಾರೆ. ಎರಡನ್ನೂ ಒಟ್ಟಿಗೇ ಮಾಡೋರನ್ನ ಇವತ್ತೇ ನೋಡಿದ್ದು" ಎಂದಳು.

ಅಷ್ಟರಲ್ಲಿ ನಮ್ಮ ಹಿಂದೆ ಸ್ವಲ್ಪ ದೂರದಲ್ಲಿ ಟೊಯ್ವೊನ ದೋಣಿ ಕಂಡಿತು. ನಾನು ಎಡಕ್ಕೆ ತಿರುಗಿದರೆ ಅವನೂ ಎಡಕ್ಕೆ. ನಾನು ನಿಂತರೆ ಅವನೂ ನಿಂತ.

"ನೋಡಿದ್ಯಾ? ಬೆನ್ನು ಬಿಡ್ತಾನೇ ಇಲ್ಲ. ನಾನು ಹೇಗೆ ಹಿಡೀತೀನಿ, ಹೇಗೆ ಬಿಡ್ತೀನಿ ಅಂತ ಕಲೀತಿದ್ದಾನೆ ಪಾಪ."

ಮಾರ್ಲಿಸ್ ಹಿಂದೆ ತಿರುಗಿ ಬಹಳ ಹೊತ್ತು ನೋಡಿದಳು. ಅವಳಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. "ಹೌದು ರೀ, ಚೆನ್ನಾಗೇ ಕಲೀತಿದ್ದಾರೆ," ಎಂದು ಥರ್ಮಾಸಿನ ಕಾಫಿ ಬಗ್ಗಿಸಿಕೊಂಡಳು.

ಹತ್ತೂವರೆಯಾಯಿತು. ಬಿಟ್ಟಿದ್ದು ಒಂಬತ್ತು, ಇಟ್ಟುಕೊಂಡಿದ್ದು ಸೊನ್ನೆ. ಹನ್ನೆರಡಕ್ಕೆ ಅತ್ತೆಯ ಊಟ. ನನ್ನ ಮಾನ ಇನ್ನೇನು ಮುಳುಗಬೇಕು, ಆಗ ಕಡ್ಡಿ ದೋಣಿಯ ಅಂಚಿಗೇ ಬಾಗಿತು! ಹತ್ತು ನಿಮಿಷ ಜಗ್ಗಾಡಿದೆ. ಬಂತು ನೋಡಿ ಮಹಾರಾಣಿ! ಇಪ್ಪತ್ತಾರೂವರೆ ಇಂಚು! ತುಟಿಯ ಅಂಚಿಗೆ ಮಾತ್ರ ಗಾಳ ಸಿಕ್ಕಿತ್ತು. ಆ ಹೊತ್ತಿಗೆ ನನ್ನ ಉಪದೇಶ ಖಾಲಿಯಾಗಿತ್ತೆಂದು ಕಾಣುತ್ತದೆ.

"ಇದನ್ನೂ ಆಶೀರ್ವಾದ ಮಾಡಿ ಕಳಿಸ್ತೀರಾ?"

"ಹುಚ್ಚಾ ನಿಂಗೆ? ಹದಿನೈದು ದಾಟಿದೆ! ಧರ್ಮ ಒಪ್ಪುತ್ತೆ, ಕಾನೂನೂ ಒಪ್ಪುತ್ತೆ!" ಎಂದು ಅದನ್ನು ದೋಣಿಯ ನೀರಿನ ತೊಟ್ಟಿಗೆ ಜೀವಂತವಾಗಿಯೇ ಇಳಿಸಿ, ಹಾಡುತ್ತಾ ಮನೆಯ ಕಡೆಗೆ ದೋಣಿ ತಿರುಗಿಸಿದೆ.

ಎಂಬತ್ತೆರಡರ ಅತ್ತೆ ಕಾರನ್ನು ತಾವೇ ಓಡಿಸಿಕೊಂಡು ಬಂದು, ನಮ್ಮ ದೋಣಿಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಅತ್ತೆ, ಕಣ್ಣು ಮುಚ್ಚಿ!"

"ಈ ವಯಸ್ಸಲ್ಲಿ ಮುಚ್ಚಿದ್ರೆ ಮತ್ತೆ ತೆಗೀತೀನೋ ಇಲ್ವೋ. ಹಾಗೇ ತೋರ್ಸು."

ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ತೊಟ್ಟಿಯೊಳಗೆ ಬಗ್ಗಿ ನೋಡಿದರು. ಹೊಗಳಿಕೆಗಾಗಿ ಕಿವಿ ನಿಮಿರಿಸಿ ನಿಂತೆ.

"ಇದು ಹೆಣ್ಣು," ಎಂದರು. "ಸಣ್ಣವು ಸಿಗ್ಲಿಲ್ವಾ?"

"ಒಂಬತ್ತು ಸಿಕ್ತು ಅತ್ತೆ! ಒಂದನ್ನೂ ಇಟ್ಕೊಳ್ಳಲಿಲ್ಲ. ಮಕ್ಕಳು, ಪಾಪ!"

ಅತ್ತೆ ನನ್ನನ್ನೊಮ್ಮೆ, ಮೀನನ್ನೊಮ್ಮೆ ನೋಡಿದರು. "ಅಂದ್ರೆ ಮಕ್ಕಳನ್ನೆಲ್ಲ ಬಿಟ್ಟು ಅವರಮ್ಮನ್ನ ಎತ್ಕೊಂಡು ಬಂದಿದ್ದೀಯ. ಅದೂ ತಾಯಂದಿರ ದಿನ."

ನಾನು ತೊಟ್ಟಿಯ ಮುಚ್ಚಳ ಎಳೆಯಹೋದೆ, ಅತ್ತೆ ಕೈ ಅಡ್ಡ ಇಟ್ಟರು.

"ಈ ಗಾತ್ರದ್ದು ಒಂದು ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತೆ ಕಣಪ್ಪ. ಹದಿನಾಲ್ಕು ಇಂಚಿನವು ನಾಲ್ಕು ತಿಂದ್ರೆ ಕೆರೆಗೆ ಗೊತ್ತೂ ಆಗಲ್ಲ. ನಿಮ್ಮ ಮಾವ ಅರವತ್ತು ವರ್ಷ ಸಣ್ಣವನ್ನೇ ತಂದು ಹಾಕಿದ್ರು, ದೊಡ್ಡವನ್ನ ಮುತ್ತಿಟ್ಟು ಬಿಡೋರು. ಬಿಡು ಅದನ್ನ."

"ಬಿಟ್ರೆ ನಿಮ್ಮ ಊಟ?"

"ಆಲೂಗಡ್ಡೆ ಬೇಯಿಸಿದ ಹಾಟ್‌ಡಿಶ್ ಸಾಕು, ತಿಂತೀನಿ. ಅವಳನ್ನ ತಿನ್ನಲ್ಲ."

ಅಲ್ಲಿಗೆ ಎರಡನೆಯ ಪ್ರತಿಜ್ಞೆ ಕೆರೆಯ ಪಾಲಾಯಿತು. ಆದರೂ ಕಟ್ಟೆಯ ಅಂಚಿನಲ್ಲಿ ಮಂಡಿಯೂರಿ ಮಹಾರಾಣಿಯನ್ನು ನೀರಿನಲ್ಲಿ ಹಿಡಿದೆ. "ನೆಟ್ಟಗೆ ಹಿಡ್ಕೋ. ಅವಸರ ಬೇಡ. ಉಸಿರಾಡ್ಲಿ," ಎಂದು ಅತ್ತೆ ಕುರ್ಚಿಯಿಂದಲೇ ಹೆರಿಗೆ ಮಾಡಿಸುವ ದಾದಿಯಂತೆ ಅಪ್ಪಣೆ ಕೊಡುತ್ತಿದ್ದರು. ಮಹಾರಾಣಿಗೆ ತ್ರಾಣ ಬಂತು. ಬಂದ ಕೂಡಲೇ ಬಾಲದಿಂದ ನನ್ನ ಕೆನ್ನೆಗೆ ಒಂದು ಬಿಟ್ಟು ಹೊರಟಳು. ನಾನು ಅವಳ ಹಿಂದೆಯೇ, ತಲೆ ಕೆಳಗಾಗಿ, ಧುಡುಂ!

ಹಿಮ ಕರಗಿ ಎರಡು ವಾರವಾಗಿತ್ತಷ್ಟೆ. ಆ ನೀರಿನ ಚಳಿಯನ್ನು ವರ್ಣಿಸಲಾರೆ, ನೆನೆದರೆ ಈಗಲೂ ಹಲ್ಲು ಕಟಕಟ ಎನ್ನುತ್ತದೆ. ಕಟ್ಟೆ ಹಿಡಿದು ತಲೆ ಎತ್ತಿದರೆ ಮೇಲೆ ಮಾರ್ಲಿಸ್ ನಿಂತಿದ್ದಳು.

"ಅಮ್ಮಾ, ಇದು ಆರಡಿ ಇದೆ. ಇಟ್ಕೊಳ್ಳೋಣ್ವಾ, ಬಿಟ್ಟುಬಿಡೋಣ್ವಾ?"

"ಇಟ್ಕೋ ಕಣೇ," ಎಂದರು ಅತ್ತೆ. "ಗಾಳ ನುಂಗಿ ನಲವತ್ತು ವರ್ಷ ಆಯ್ತು. ಬಿಟ್ರೂ ಬದುಕಲ್ಲ."

ಬಟ್ಟೆ ಬದಲಿಸಿ, ಕಂಬಳಿ ಸುತ್ತಿಕೊಂಡು ಅಡುಗೆಮನೆಗೆ ಬಂದರೆ ಬೆಣ್ಣೆಯ ಘಮಘಮ! ಒಲೆಯ ಮುಂದೆ ಟೊಯ್ವೊ, ನನ್ನದೇ ಏಪ್ರನ್ ಕಟ್ಟಿಕೊಂಡು, ಉಪ್ಪುಬಿಸ್ಕತ್ತಿನ ಪುಡಿಯಲ್ಲಿ ಮೀನಿನ ಹೋಳು ಹೊರಳಿಸಿ ಕರಿಯುತ್ತಿದ್ದ. ಮಾರ್ಲಿಸಳೇ ಊಟಕ್ಕೆ ಕರೆದಿದ್ದಳಂತೆ. ಅತ್ತೆ ಒಂದು ಹೋಳು ಬಾಯಿಗಿಟ್ಟು, ಈ ಸಲ ತಾವಾಗಿಯೇ ಕಣ್ಣು ಮುಚ್ಚಿದರು. ಅವರ ಮುಖದಲ್ಲಿ ಆ ಸುಖ ನೋಡಿ ನನಗೂ ಸಂತೋಷವಾಯಿತು, ಅದು ನನ್ನಿಂದ ಬಂದದ್ದಲ್ಲವಲ್ಲ ಎಂದು ಸಂಕಟವೂ ಆಯಿತು.

"ಎಷ್ಟು ಇಂಚಿಂದು?" ಎಂದೆ ಬಿಗಿಯಾಗಿ.

"ಹದಿಮೂರು, ಹದಿಮೂರೂವರೆ," ಎಂದ ಟೊಯ್ವೊ.

"ನನಗೆ ಬೇಡ."

ಯಾರೂ ಒತ್ತಾಯಿಸಲಿಲ್ಲ! ಎರಡನೆಯ ಸಲ ಕೇಳುವ ಸೌಜನ್ಯವಾದರೂ ಬೇಡವೇ? ಎರಡು ನಿಮಿಷ ಧರ್ಮವನ್ನು ಕಾಪಾಡಿದೆ. ಮೂರನೆಯ ನಿಮಿಷ, ರುಚಿ ನೋಡುವುದು ತಿಂದ ಹಾಗಲ್ಲ ಎಂದು ಒಂದು ಚೂರು ಮುರಿದುಕೊಂಡೆ. ಆಮೇಲೆ ಒಂದು ಹೋಳು. ನಾಲ್ಕನೆಯದನ್ನು ಬಾಯಿಗೆ ತುಂಬಿಕೊಂಡೇ ಕೇಳಿದೆ:

"ಅಲ್ಲಯ್ಯಾ, ನೀನು ಇಷ್ಟೊಂದು ಹಿಡಿದಿದ್ದು ಯಾವಾಗ? ಕಡ್ಡಿ ಎತ್ತಿದ್ದನ್ನೇ ನಾನು ನೋಡ್ಲಿಲ್ಲ."

"ಕಡ್ಡಿಗೆ ಕೆಲಸಾನೇ ಬೀಳ್ಲಿಲ್ಲಪ್ಪ," ಎಂದ ಟೊಯ್ವೊ, ಬಾಣಲೆಯಿಂದ ಕಣ್ಣೆತ್ತದೆ. "ಕೈಬಲೆ ಸಾಕಾಯ್ತು. ನೀನು ಆಶೀರ್ವಾದ ಮಾಡಿ ಕಳಿಸಿದ್ಯಲ್ಲ, ಅವು ಇಪ್ಪತ್ತು ಗಜ ಹೋಗಿ ಹೊಟ್ಟೆ ಮೇಲೆ ಮಾಡಿ ತೇಲ್ತಿದ್ವು. ಒಂಬತ್ತರಲ್ಲಿ ಐದು. ಹದ್ದಿನ ಪಾಲಾಗೋದು ಯಾಕೆ ಅಂತ ಎತ್ಕೊಂಡೆ."

ನುಂಗಲೂ ಆಗದೆ ಉಗುಳಲೂ ಆಗದೆ ಕೂತೆ. ಮಾರ್ಲಿಸಳಿಗೆ ಮತ್ತೆ ಆ ಕೆಮ್ಮು ಬಂತು. ಅತ್ತೆ ಮಾತ್ರ ನಗಲಿಲ್ಲ. ಬೆಣ್ಣೆಯ ಕೈ ಒರೆಸಿಕೊಂಡು, ನನ್ನ ಭುಜ ತಟ್ಟಿದರು. ಮದುವೆಯಾದ ಮೇಲೆ ಮೊದಲ ಸಲ.

"ಹಾಗಾದ್ರೆ ಇದು ನಮ್ಮ ಅಳಿಯಂದಿರು ಹಿಡಿದಿದ್ದೇ! ಮಾರ್ಲಿಸ್, ನಿಮ್ಮಕ್ಕನಿಗೆ ಫೋನ್ ಹಚ್ಚು. ಹಾರ್ಲನ್ ನಂಗೆ ಐದು ವಾಲೈ ತಂದ ಅಂತ ಹೇಳ್ತೀನಿ. ಚರ್ಚಿನೋರಿಗೂ ನಾನೇ ಹೇಳ್ತೀನಿ. ಎಷ್ಟು ಇಂಚು ಅಂತ ಅವರು ಕೇಳೇ ಕೇಳ್ತಾರೆ, ಸುಳ್ಳು ಹೇಳೋ ವಯಸ್ಸಲ್ಲ ನಂದು."