ಮದುಮಗನನ್ನು ದಡದಲ್ಲೇ ಬಿಟ್ಟು ಹೊರಟ ಹಡಗಿಗೆ

ಮಿಂದೋರೊ ಮತ್ತು ಪನಾಯ್ ದ್ವೀಪಗಳ ನಡುವೆ ಬಸ್ಸು, ಲಾರಿ, ಕಾರುಗಳನ್ನು ಹೊತ್ತು ಓಡಾಡುವ ಮಹಾಮಾತೆ ‘ದೊನ್ಯಾ ರೆಮೆದಿಯೋಸ್’ ಹಡಗಿನವರ ಸನ್ನಿಧಾನಕ್ಕೆ, ಬತಾಂಗಾಸಿನ ವಿಧವೆ ಕ್ರಿಸಾಂತಾ ದಿಮಾಯುಗ ತಲೆಬಾಗಿ ಮಾಡುವ ವಂದನೆಗಳು.

ಮಾನ್ಯರೇ,

ಪ್ರಯಾಣದ ಹಿಂದಿನ ರಾತ್ರಿ ನನಗೊಂದು ಕೆಟ್ಟ ಕನಸು ಬಿದ್ದಿತ್ತು. ತಾವು ಬಾಯಿ ತೆರೆದು, ಕಬ್ಬಿಣದ ನಾಲಿಗೆಯನ್ನು ದಡಕ್ಕೆ ಚಾಚಿ, ನಮ್ಮ ನೀಲಿ ವ್ಯಾನನ್ನು ನೆಕ್ಕಿ ನೋಡಿ, ರುಚಿ ಹಿಡಿಸದೆ ಸಮುದ್ರಕ್ಕೆ ಉಗಿದುಬಿಟ್ಟಿರಿ. ಒಳಗೆ ನನ್ನ ಒಬ್ಬನೇ ಮಗ ರೊಮುಲೊ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತಿದ್ದ. ಎದ್ದವಳೇ ಮೇಣದಬತ್ತಿ ಹಚ್ಚಿದೆ. ಕನಸು ನಿಜವಾಗಲಿಲ್ಲವೆಂದು ತಿಳಿಸಲು ಸಂತೋಷಪಡುತ್ತೇನೆ. ತಾವು ನಮ್ಮ ವ್ಯಾನನ್ನು ನೆಕ್ಕಿ ನೋಡುವಷ್ಟು ಕೂಡ ಮನಸ್ಸು ಮಾಡಲಿಲ್ಲ.

ನಾನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು. ಬರಹದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಅಷ್ಟು ಲಾರಿಗಳನ್ನು ಹಾಕಿಕೊಳ್ಳುವ ಹೊಟ್ಟೆಗೆ ಇದೇನು ಮಹಾ.

ನಾವು ಹೊರಟದ್ದು ಹೆಣ್ಣು ಕೇಳುವುದಕ್ಕೆ. ಮನಿಲಾದ ಬ್ರೆಡ್ ಅಂಗಡಿಯಲ್ಲಿ ರೊಮುಲೊ ಜೊತೆ ಕೆಲಸ ಮಾಡುವ ಎಸ್ತೆಲಿತಾಳ ಮನೆ ಪನಾಯ್‌ನಲ್ಲಿದೆ. ಅವಳ ಅಪ್ಪ ಅನಸ್ತಾಸಿಯೊ ಅವರಿಗೆ ಎರಡು ಕಡಲಿನಾಚೆ ಮಗಳನ್ನು ಕೊಡುವ ಮನಸ್ಸಿರಲಿಲ್ಲ. “ಈ ಭಾನುವಾರ ಬನ್ನಿ, ಕೇಳ್ತೀನಿ. ಹಿಡಿಸದಿದ್ರೆ ಮತ್ತೆ ಪೆಟ್ರೋಲು ಸುಡಬೇಡಿ” ಎಂದು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಆದ್ದರಿಂದ ವ್ಯಾನಿನಲ್ಲಿ ಬಾಳೆಲೆಯ ಸುಮನ್ ಕಡುಬು, ನಮ್ಮೂರಿನ ಬರಾಕೊ ಕಾಫಿಪುಡಿ, ಕಾಲು ಕಟ್ಟಿದ ಕೋಳಿಗಳು, ಮತ್ತು ಮಾತನಾಡುವುದಕ್ಕೆಂದು ನನ್ನ ಗಂಡನ ಅಣ್ಣ ಸತುರ್ನಿನೊ ಭಾವ. ಭಾವ ಬಹಳ ಕಾಲ ಊರಿನ ಮುಖ್ಯಸ್ಥರಾಗಿದ್ದವರು. ಜನರ ಕೈ ಕುಲುಕುವುದನ್ನು ಬಿಟ್ಟರೆ ಆ ಕೈಗಳಿಂದ ಬೇರೆ ಕೆಲಸ ಮಾಡಿದವರಲ್ಲ.

ಮೊದಲನೆಯ ಕಡಲು ದಾಟಿ, ಮಿಂದೋರೊದ ಉದ್ದಕ್ಕೂ ಗುಂಡಿ ಎಣಿಸಿಕೊಂಡು ತಮ್ಮ ಬಂದರಿಗೆ ಬಂದೆವು. ಗಾಡಿಯ ಜೊತೆ ಚಾಲಕ ಮಾತ್ರ ಇರಬೇಕು, ಉಳಿದವರು ಟರ್ಮಿನಲ್ ಮೂಲಕ ನಡೆದು ಹತ್ತಬೇಕು ಎನ್ನುವುದು ಎಲ್ಲರಿಗೂ ಗೊತ್ತಿರುವ ನಿಯಮ. ರೊಮುಲೊ ವ್ಯಾನಿನೊಂದಿಗೆ ಸಾಲಿನಲ್ಲಿ ನಿಂತ, ನಾವು ಹತ್ತಿ ಕುಳಿತೆವು. ಅವನನ್ನು ಹಿಂದಿಕ್ಕಿ ಬಾಳೆಹಣ್ಣಿನ ಲಾರಿ ಬಂತು, ಬಸ್ಸು ಬಂತು, ಮೀನಿನ ಲಾರಿ ಬಂತು, ಆಮೇಲೆ ಗಾಡಿ ಹತ್ತಿಸುವ ತಮ್ಮ ಕಬ್ಬಿಣದ ನಾಲಿಗೆ ಮೇಲೆದ್ದಿತು. ದಡದಲ್ಲಿ ನನ್ನ ಮಗ ಎರಡೂ ಕೈ ಬೀಸುತ್ತಿದ್ದ. “ನೋಡಮ್ಮಾ, ಎಂಥ ಸಂಸ್ಕಾರವಂತ, ನಮ್ಮನ್ನ ಬೀಳ್ಕೊಡ್ತಿದಾನೆ” ಎಂದರು ಭಾವ. ನಾನು ಅರಚಿಕೊಂಡಾಗ ತಮ್ಮ ಸಿಬ್ಬಂದಿಯೊಬ್ಬರು ಸಮಾಧಾನ ಹೇಳಿದರು: “ಯಾಕಮ್ಮಾ ಅಳ್ತೀರಿ? ಮೀನು ಕೊಳೆಯುತ್ತೆ, ನಿಮ್ಮ ಮಗ ಕೊಳೆಯಲ್ಲ.” ಮುಂದಿನ ಹಡಗಿಗೆ ಬರುತ್ತೇನೆಂದು ರೊಮುಲೊ ಫೋನು ಮಾಡಿದ, ಅಲೆ ಜೋರಾಯಿತೆಂದು ಆ ಹಡಗನ್ನೂ ನಿಲ್ಲಿಸಿದರು.

ಹೀಗೆ ಹೆಣ್ಣು ಕೇಳಲು ಹೋದವರು ನಾವು, ಗಂಡಿಲ್ಲ, ಕಡುಬಿಲ್ಲ, ಕಾಫಿಯಿಲ್ಲ. ಭಾವ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಭಾಷಣವನ್ನೇ ಶುರುಮಾಡಿಬಿಟ್ಟರು: “ನಮ್ಮ ಹುಡುಗನನ್ನು ಒಮ್ಮೆ ಕಣ್ತುಂಬ ನೋಡಿ...”

“ಎಲ್ಲಿದಾನೆ?” ಎಂದರು ಅನಸ್ತಾಸಿಯೊ.

“ಮಿಂದೋರೊದಲ್ಲಿ.”

“ಅಷ್ಟು ದೂರ ಕಾಣೋ ಕಣ್ಣು ನಂಗಿಲ್ಲ ಸ್ವಾಮಿ.”

ಬಾಗಿಲ ಹಿಂದೆ, ಮೊದಲೇ ಊರಿಗೆ ಬಂದಿದ್ದ ಎಸ್ತೆಲಿತಾ ಮೂಗು ಒರೆಸಿಕೊಂಡದ್ದು ನನಗೆ ಕೇಳಿಸಿತು. ಕಥೆ ಮುಗಿಯಿತೆಂದುಕೊಂಡೆ. ಆಗ ಎಸ್ತೆಲಿತಾಳ ಅಜ್ಜಿ ಕುರ್ಚಿಯಿಂದಲೇ ಗದರಿದರು: “ನಮ್ಮ ಕಾಲ್ದಲ್ಲಿ ಗಂಡು ಬಂದು ತಿಂಗಳುಗಟ್ಟಲೆ ಸೌದೆ ಒಡೀತಿದ್ದ, ನೀರು ಹೊರ್ತಿದ್ದ, ಆಮೇಲೆ ಮಾತು. ಗಂಡು ಬರದಿದ್ರೇನು, ಅವನ ಕಡೆಯೋರು ಬಂದಿದಾರಲ್ಲ. ಓ ಭಾಷಣದಣ್ಣಾ, ಕೊಡಲಿ ಅಲ್ಲಿದೆ!”

ಮಾನ್ಯರೇ, ಭಾವ ಒಡೆದ ಮೊದಲ ಚಕ್ಕೆ ಕೋಳಿಗೂಡಿಗೆ ಹಾರಿತು, ಎರಡನೆಯದು ಬೇಲಿಯಾಚೆ ಪಕ್ಕದವರು ಒಣಗಲು ಹಾಕಿದ್ದ ಬಟ್ಟೆಗೆ. ನಾನು ಬಾವಿಯಿಂದ ನೀರು ಹೊತ್ತೆ. ಅರ್ಧ ನೀರು ದಾರಿಗೆ, ಉಳಿದದ್ದು ನನ್ನ ಒಳ್ಳೆಯ ಲಂಗಕ್ಕೆ. ಮೆಟ್ಟಿಲ ಮೇಲೆ ಮುಖ ಗಂಟಿಕ್ಕಿ ಕೂತಿದ್ದ ಅನಸ್ತಾಸಿಯೊಗೆ ಕೊನೆಗೂ ತಡೆಯಲಾಗಲಿಲ್ಲ. ಇಳಿದು ಬಂದು ಕೊಡಲಿ ಕಸಿದುಕೊಂಡು, “ಹಾಗಲ್ಲ ಬೀಗರೇ, ಹೀಗೆ!” ಎಂದರು.

ಬೀಗರೇ! ಬಾಯಿಂದ ಬಿದ್ದ ಆ ಮಾತು ಅವರಿಗೇ ಕೇಳಿಸಲಿಲ್ಲ. ಅಜ್ಜಿಗೆ ಕೇಳಿಸಿತು, ನನಗೆ ಕೇಳಿಸಿತು, ಬಾಗಿಲ ಹಿಂದಿನವಳಿಗಂತೂ ಕೇಳಿಸಿಯೇ ಕೇಳಿಸಿತು. “ಮಾತು ಆಡಿ ಆಯ್ತು, ಇನ್ನು ಅನ್ನಕ್ಕಿಡಿ” ಎಂದರು ಅಜ್ಜಿ. ಮರುದಿನ ಹುಳಿ ಬಂದ ಕಡುಬಿನೊಂದಿಗೆ ರೊಮುಲೊ ತಲುಪಿ, “ನಾನೇನು ಹೇಳ್ಬೇಕು?” ಎಂದು ಕೇಳಿದಾಗ, “ಏನೂ ಬೇಡಪ್ಪ, ಕೂತ್ಕೊಂಡು ಉಣ್ಣು” ಎಂದಷ್ಟೇ ಉತ್ತರ ಬಂತು.

ಇಷ್ಟು ದೊಡ್ಡ ಉಪಕಾರಕ್ಕೆ ಹೇಗೆ ಕೃತಜ್ಞತೆ ಹೇಳಲಿ? ಅಂಗೈಯಲ್ಲಿ ಬೊಬ್ಬೆ ಎದ್ದ ಭಾವನವರು ವಾರದಿಂದ ಭಾಷಣ ಮಾಡಿಲ್ಲ. ಇಡೀ ಊರು ತಮ್ಮ ಋಣದಲ್ಲಿದೆ. ಮದುವೆಯಲ್ಲಿ ಸಾಕ್ಷಿ ನಿಲ್ಲುವ ಧರ್ಮತಾಯಿಯಾಗಿ ತಾವೇ ಬರಬೇಕು. ಎಸ್ತೆಲಿತಾಳ ಊರಿನ ಚರ್ಚು ಗುಡ್ಡದ ಮೇಲಿದೆ, ನಿಧಾನವಾಗಿ ಹತ್ತಿ ಬನ್ನಿ, ಒಳಗೆ ಹೊಗೆ ಬಿಡಬೇಡಿ. ಹಾಗೆಯೇ ಹೆಣ್ಣು ಕೇಳಲು ಹೊರಟ ಗಂಡುಮಕ್ಕಳನ್ನೂ ಇನ್ನು ಮುಂದೆ ಬೇಗ ಕೆಡುವ ಸಾಮಾನೆಂದು ಪರಿಗಣಿಸಿ, ಬೇಕಾದರೆ ಮಂಜುಗಡ್ಡೆಯಲ್ಲಿಟ್ಟಾದರೂ, ಮೊದಲು ಹತ್ತಿಸಿಕೊಳ್ಳಬೇಕಾಗಿ ಪ್ರಾರ್ಥನೆ.

ಇಂತಿ, ಈಗಲೂ ಈಜು ಬಾರದ
ತಮ್ಮ ವಿಶ್ವಾಸಿ,
ಕ್ರಿಸಾಂತಾ ದಿಮಾಯುಗ

ಮರೆತಿದ್ದೆ: ಮದುವೆ ಈಸ್ಟರ್ ಕಳೆದ ಶನಿವಾರ, ಶುಕ್ರವಾರ ತಮ್ಮಲ್ಲೇ ಬರುತ್ತೇವೆ. ಸೌದೆಯನ್ನು ಯಾರು ಬೇಕಾದರೂ ಒಡೆಯಬಹುದು, ಆದರೆ ಪಾದ್ರಿಗಳು ಕೇಳಿದಾಗ “ಒಪ್ಪಿಗೆ” ಎನ್ನಲು ಭಾವನವರನ್ನು ನಿಲ್ಲಿಸಲಾಗದು; ಎಸ್ತೆಲಿತಾಳನ್ನು ವಿಚಾರಿಸಿ ನೋಡಿದ್ದೇನೆ. ಆದ್ದರಿಂದ ಹೊರಡುವ ಮುನ್ನ ಮದುಮಗ ಹತ್ತಿದ್ದಾನೋ ಇಲ್ಲವೋ ಎಂದು ಒಮ್ಮೆ ನೋಡಿ. ನೋಡಿದ ಮೇಲೆ, ದಯವಿಟ್ಟು, ಇನ್ನೊಮ್ಮೆ ನೋಡಿ.