ದುರ್ಬೀನಿನೊಳಗೆ ಅತ್ತೆಯ ಓಲೆ

ಅತ್ತೆಯ ಎಡಗಿವಿಯ ಓಲೆಯಲ್ಲಿ ಕೆಂಪು ಕಲ್ಲು ಹಾಲುಹಲ್ಲಿನಂತೆ ಅಲುಗುತ್ತಿತ್ತು. ಅಷ್ಟೇ ವಿಷಯ. ಬೆಳಿಗ್ಗೆ ಅದನ್ನು ಬಿಚ್ಚಿ, ಕಾಗದದಲ್ಲಿ ಸುತ್ತಿ, ಅವರು ಅಳಿಯನ ಅಂಗಿಯ ಜೇಬಿಗೆ ಹಾಕಿದಾಗ ಮನೆಯವರೆಲ್ಲ ಕೈಕೆಲಸ ಬಿಟ್ಟು ಬಂದು ನೋಡಿದರು. ಮದುವೆಯಾದಾಗಿನಿಂದ ಅತ್ತೆ ಈ ಅಳಿಯನ ಕೈಗೆ ತುಂಬಿದ ಲೋಟ ಕೂಡ ಕೊಟ್ಟವರಲ್ಲ.

“ನಮ್ಮಮ್ಮಂದು ಇದು. ಸಂಜೆ ಗೆಳತಿ ಮನೆಗೆ ಹಾಕ್ಕೊಂಡು ಹೋಗಬೇಕು. ಅಕ್ಕಸಾಲಿ ಹತ್ರ ಕಲ್ಲು ಬಿಗಿ ಮಾಡಿಸ್ಕೊಂಡು ಬನ್ನಿ. ಕಳೆದುಹಾಕಿದ್ರೆ ನೀವೂ ಅದರ ಜೊತೆಗೇ ಕಳೆದುಹೋಗಿಬಿಡಿ.”

ಅಳಿಯನ ಕಣ್ಣು ತುಂಬಿ ಬಂತು. ಓಲೆ ಕೊಟ್ಟು ಓಲೈಸುವ ಅತ್ತೆ ಎಷ್ಟು ಜನರಿಗೆ ಸಿಕ್ಕಾರು?

ಅವನು ಸ್ಕ್ಯಾನ್ ಪ್ರಯೋಗಾಲಯದಲ್ಲಿ ಯಂತ್ರ ನಡೆಸುವವನು. ಅಲ್ಲಿ ಅವನ ಹೆಸರೇ ಎಕ್ಸ್‌ರೇ. ಇವನು ಅಂಗಿ ಬಿಚ್ಚಿದರೆ ಎಲುಬು ಎಣಿಸಲು ಯಂತ್ರವೇ ಬೇಕಿಲ್ಲ ಎನ್ನುವುದು ಅಲ್ಲಿನ ಉಗ್ರಾಣ ನೋಡಿಕೊಳ್ಳುವ ಹಿರಿಯರೊಬ್ಬರ ಹಳೆಯ ಜೋಕು. ಅಕ್ಕಸಾಲಿಯ ಅಂಗಡಿ ಇನ್ನೂ ತೆರೆದಿರಲಿಲ್ಲ. ಮಧ್ಯಾಹ್ನ ಹೋದರಾಯಿತು ಎಂದುಕೊಂಡು ಅವನು ನೇರ ಕೆಲಸಕ್ಕೆ ನಡೆದ.

ಆ ದಿನದ ರೋಗಿ ಒಂದು ಹಿತ್ತಾಳೆಯ ದುರ್ಬೀನು. ವಸ್ತುಸಂಗ್ರಹಾಲಯದಿಂದ ಬಂದದ್ದು, ಮುತ್ತಜ್ಜನ ಮುತ್ತಜ್ಜನ ಕಾಲದ್ದು. ಮುಂದಿನ ಗಾಜು ಎಂದೋ ಕಳೆದುಹೋಗಿ ಬೊಚ್ಚುಬಾಯಿ ಬಿಟ್ಟುಕೊಂಡಿತ್ತು. ಒಳಗಿನ ಗಾಜು ಮಾತ್ರ ಇನ್ನೂ ಭದ್ರ. ಅದನ್ನು ಮಾಡಿದವನು ಆ ಗಾಜನ್ನು ಯಾವುದರಿಂದ ಅಂಟಿಸಿದ್ದ ಎಂಬುದೇ ಪ್ರಶ್ನೆ. ಬಿಚ್ಚಿ ನೋಡುವಂತಿಲ್ಲವಾದ್ದರಿಂದ ಈ ಸ್ಕ್ಯಾನ್. ಜೊತೆಗೆ ಬಂದಿದ್ದ ಪ್ರೊಫೆಸರಮ್ಮ ಅದನ್ನು ಅಲುಗಿಸಬೇಡಿ, ಓರೆ ಮಾಡಬೇಡಿ, ಹತ್ತಿರ ನಿಂತು ಸೀನಬೇಡಿ ಎಂದು ಮೂಗಿನಲ್ಲೇ ಅಪ್ಪಣೆ ಹೊರಡಿಸುತ್ತಿದ್ದರೆ, ಅವರ ಬೆನ್ನ ಹಿಂದೆ ಉಗ್ರಾಣದವರು ತುಟಿ ಮುಚ್ಚಿಕೊಂಡೇ ಅದೇ ರಾಗವನ್ನು ಎತ್ತಿ ತೋರಿಸುತ್ತಿದ್ದರು.

ದುರ್ಬೀನನ್ನು ಸ್ಪಂಜಿನ ತೊಟ್ಟಿಲಲ್ಲಿ ಬಾಯಿ ಮೇಲಾಗಿ ನಿಲ್ಲಿಸಿ, ಮೊದಲು ಫೋಟೋ ತೆಗೆಯಲೆಂದು ದೊಡ್ಡ ದೀಪಗಳನ್ನು ಹಚ್ಚಿದರು. ಹಿತ್ತಾಳೆ ಇಸ್ತ್ರಿಪೆಟ್ಟಿಗೆಯಂತೆ ಕಾಯಿತು. ನೆಟ್ಟಗಿದೆಯೇ ಎಂದು ನೋಡಲು ಎಕ್ಸ್‌ರೇ ಬಗ್ಗಿದ. ಅವನ ಜೊತೆ ಜೇಬೂ ಬಗ್ಗಿತು. ಕಾಗದ ಹೊರಗೆ ಹಾರಿತು. ಓಲೆ ಮಾತ್ರ, ವೈದ್ಯರು ಹೇಳಿದ ಗುಳಿಗೆಯಂತೆ, ಸರಿಯಾಗಿ ದುರ್ಬೀನಿನ ಬಾಯೊಳಗೆ ಇಳಿಯಿತು.

ಠಣ್.

“ಏನದು ಸದ್ದು?” ಎಂದರು ಪ್ರೊಫೆಸರಮ್ಮ.

“ನನ್ನ ಸೊಂಟ, ಮೇಡಂ.”

ಅವರು ಅವನ ಮೈಕಟ್ಟು ನೋಡಿದರು. ನಂಬಿದರು.

ಪ್ರೊಫೆಸರಮ್ಮ ಅತ್ತ ಹೋದರೆ ಒಂದು ತಂತಿ ಇಳಿಸಿ ಓಲೆ ಎತ್ತಿಬಿಡೋಣ ಎಂದು ಅವನು ಕಾದ. ಆದರೆ ಸೊಂಟದ ಸುದ್ದಿ ಅಷ್ಟರಲ್ಲಿ ಕಟ್ಟಡವೆಲ್ಲ ಸುತ್ತಿ ಬಂದಿತ್ತು. ಉಗ್ರಾಣದವರು ಮುಲಾಮು ತಂದು ಗೋಡೆಗೆ ಸುಣ್ಣ ಬಳಿದಂತೆ ಬಳಿದರು. ಕಾವಲುಗಾರ ತನ್ನ ಅಗಲವಾದ ಬೆಲ್ಟು ಬಿಚ್ಚಿ, ಇನ್ನು ನೀವು ಸಂಜೆವರೆಗೂ ಬಗ್ಗಕೂಡದು ಎಂದು ಸೊಂಟಕ್ಕೆ ಬಿಗಿದೇಬಿಟ್ಟ. ಎಕ್ಸ್‌ರೇ ಒಬ್ಬೊಬ್ಬರಿಗೂ ಕೃತಜ್ಞತೆ ಹೇಳುತ್ತ ಕಂಬದಂತೆ ನಿಂತಿದ್ದ. ದುರ್ಬೀನು ಯಂತ್ರದೊಳಗೆ ಹೋಯಿತು.

ಪರದೆಯ ಮೇಲೆ ಚಿತ್ರ ಮೂಡಿತು. ಹಿತ್ತಾಳೆ ಮಸುಕು, ಗಾಜು ಮಸುಕು. ನಡುವೆ ಅತ್ತೆಯ ಓಲೆ, ಅತ್ತೆಯಷ್ಟೇ ಸ್ಪಷ್ಟವಾಗಿ. ಉಗ್ರಾಣದವರು ಜೀರುಂಡೆ ಎಂದರು. ಕಾವಲುಗಾರ ಬಾಂಬು ಎಂದು ಬಾಗಿಲ ಕಡೆ ಸರಿದ. ಪ್ರೊಫೆಸರಮ್ಮ ಕುರ್ಚಿಯಿಂದ ಎದ್ದವರು ಮತ್ತೆ ಕೂರಲಿಲ್ಲ.

“ಆಭರಣ,” ಎಂದರು. ಅವರ ದನಿ ಮೊದಲ ಬಾರಿಗೆ ಮೂಗು ಬಿಟ್ಟು ಎದೆಯಿಂದ ಬಂತು. “ಇದನ್ನ ಮಾಡಿದವನು ತನ್ನವಳ ನೆನಪಿಗೆ ಒಳಗಿಟ್ಟು ಮುಚ್ಚಿದಾನೆ, ಪುಣ್ಯಾತ್ಮ. ನಿಮ್ಮ ಈ ಚಿತ್ರ ಇಲ್ಲದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಲೇಖನದಲ್ಲಿ ಮೊದಲು ನಿಮ್ಮ ಹೆಸರು.” ದೊಡ್ಡ ದೊಡ್ಡವರಿಗೆ ತಿಳಿಸಲು ಫೋನು ಕೈಗೆತ್ತಿಕೊಂಡರು.

ಒಂದು ಕಡೆ ಕೀರ್ತಿ, ಇನ್ನೊಂದು ಕಡೆ ಅತ್ತೆ. ಸುಮ್ಮನಿದ್ದರೆ ಓಲೆ ಸಂಗ್ರಹಾಲಯದ ಪಾಲು, ತಾನು ಬೀದಿಯ ಪಾಲು. ಕೀರ್ತಿಯ ಜೊತೆ ದಿನವೂ ಊಟಕ್ಕೆ ಕೂರಬೇಕಾಗಿಲ್ಲವಲ್ಲ.

“ಮೇಡಂ, ಅದು ನಮ್ಮತ್ತೇದು.”

“ಯಾವುದು?”

“ಆ ಓಲೆ. ಬೆಳಿಗ್ಗೆ ಠಣ್ ಅಂದದ್ದು ನನ್ನ ಸೊಂಟ ಅಲ್ಲ.”

ಎಲ್ಲರ ಕಣ್ಣೂ ಅವನ ಸೊಂಟದ ಬೆಲ್ಟಿನ ಮೇಲೆ ಬಿತ್ತು. ಉಗ್ರಾಣದವರು, “ಹಾಗಾದ್ರೆ ನನ್ನ ಮುಲಾಮು?” ಎಂದು ಕೇಳಿದರು.

ಪ್ರೊಫೆಸರಮ್ಮ ಫೋನು ಕೆಳಗಿಟ್ಟು, ಬೈಯಲೆಂದು ಬಾಯಿ ತೆರೆದು, ಮತ್ತೊಮ್ಮೆ ಪರದೆ ನೋಡಿದರು. ಗಾಜಿನ ಸುತ್ತಲ ಅಂಟಿನಲ್ಲಿ ಓಲೆ ಅರ್ಧ ಹೂತುಕೊಂಡಿತ್ತು. ಗಾರೆಯಾಗಿದ್ದರೆ ಹೀಗೆ ಹೂತುಹೋಗುತ್ತಿರಲಿಲ್ಲ, ಇದು ಅರಗು, ದೀಪದ ಶಾಖಕ್ಕೆ ಮೆತ್ತಗಾಗಿದೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ತಾವು ಹುಡುಕುತ್ತಿದ್ದ ಉತ್ತರ ಅದೇ. ಉದ್ದನೆಯ ಚಿಮಟ ಇಳಿಸಿ, ಉಸಿರು ಬಿಗಿಹಿಡಿದು, ತಾವೇ ಓಲೆಯನ್ನು ಎತ್ತಿಕೊಟ್ಟರು.

“ನಿಮ್ಮತ್ತೆಗೆ ನನ್ನ ನಮಸ್ಕಾರ ತಿಳಿಸಿ. ನೀವು ಮಾತ್ರ ಇನ್ನು ಜೇಬಿಲ್ಲದ ಅಂಗಿ ಹಾಕ್ಕೊಂಡು ಬನ್ನಿ.”

ಎಕ್ಸ್‌ರೇ ಅವರ ಕಾಲಿಗೆ ಬೀಳಲು ಹೋದ, ಬೆಲ್ಟು ಬಿಡಲಿಲ್ಲ.

ಅಕ್ಕಸಾಲಿಯ ಅಂಗಡಿ ತಲುಪುವಷ್ಟರಲ್ಲಿ ಬಾಗಿಲು ಹಾಕಿತ್ತು. ಕಲ್ಲು ಬಿಗಿಯಾಗದ ಓಲೆ ಹಿಡಿದು, ಬೈಗುಳಕ್ಕೆ ಮೈಯೊಡ್ಡಿ ಮನೆ ಸೇರಿದ. ಅತ್ತೆ ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕಲ್ಲನ್ನು ಮೀಟಿದರು. ಅಲುಗಲಿಲ್ಲ. ಹೇರ್‌ಪಿನ್ನಿನಿಂದ ಮೀಟಿದರು. ಹೇರ್‌ಪಿನ್ನು ಬಾಗಿತು. ಕಲ್ಲಿನ ಅಡಿಯಲ್ಲಿ ಹೊಸದಾಗಿ ಸೇರಿಕೊಂಡಿದ್ದ ಅರಗು ಯಾವ ಕಾಲದ್ದೆಂಬುದು ಆ ಮನೆಯಲ್ಲಿ ಒಬ್ಬನಿಗೆ ಮಾತ್ರ ಹೊಳೆಯಿತು. ಅವನು ಬಾಯಿ ಬಿಡಲಿಲ್ಲ.

“ಇಷ್ಟು ವರ್ಷ ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ,” ಎಂದ ಅತ್ತೆ ಒಳಗೆ ಹೋಗಿ, ನೀರು ತಂದು ಅಳಿಯನ ಕೈಗಿತ್ತರು. ಅಂಚಿನವರೆಗೆ ತುಂಬಿದ ಲೋಟ. ಅವನು ಒಂದು ಹನಿ ಚೆಲ್ಲದೆ ಕುಡಿದ. ಇಂಥ ಸಿಹಿನೀರನ್ನು ಅವನು ಹಿಂದೆಂದೂ ಕುಡಿದಿರಲಿಲ್ಲ.

ಅತ್ತೆ ಓಲೆ ಮಿಂಚಿಸುತ್ತ ಗೆಳತಿಯ ಮನೆಗೆ ಹೋದವರು ಊಟದ ಹೊತ್ತಿಗೆ ಮರಳಿದರು. ಕೈಯಲ್ಲಿ ಕರವಸ್ತ್ರದ ಗಂಟು. ಅಳಿಯನ ಮುಂದೆ ಬಿಚ್ಚಿದರೆ, ಒಳಗೆ ಗೆಳತಿಯರ ಓಲೆಗಳ ರಾಶಿ. ಎಲ್ಲದರ ಕಲ್ಲೂ ಗಡಗಡ ಅಲುಗುತ್ತಿತ್ತು. ರಾಶಿಯ ಮೇಲೆ ಅತ್ತೆ ತಮ್ಮ ಬಲಗಿವಿಯದನ್ನೂ ಬಿಚ್ಚಿಟ್ಟರು.

“ನಮ್ಮ ಅಳಿಯಂದಿರ ಕೈಗೆ ಕೊಡಿ, ನಿಶ್ಚಿಂತೆಯಾಗಿರಿ ಅಂತ ಹೇಳಿ ಇಸ್ಕೊಂಡು ಬಂದಿದೀನಿ. ಬೇರೆ ಅಂಗಡಿ ಬೇಡ. ಅದೇ ಅಕ್ಕಸಾಲಿ, ಅದೇ ಕೈಕೆಲಸ.”

ಅಳಿಯ ಗಂಟನ್ನು ಕಟ್ಟಿಕೊಂಡು ಮೆಲ್ಲಗೆ ವರಾಂಡಕ್ಕೆ ಬಂದ. ಪ್ರೊಫೆಸರಮ್ಮನಿಗೆ ಫೋನು ಹಚ್ಚಿ, ಇವತ್ತಿನ ಉಪಕಾರ ಜೀವವಿರುವ ತನಕ ಮರೆಯುವುದಿಲ್ಲ ಎಂದು ಮನಸಾರೆ ಹೇಳಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಕೇಳಿದ:

“ಮೇಡಂ, ನಿಮ್ಮ ಸಂಗ್ರಹಾಲಯದಲ್ಲಿ ಇಂಥ ದುರ್ಬೀನು ಇನ್ನೂ ಎಷ್ಟಿವೆ?”