ಬೇಡವೆಂದರೂ ಬಂದ ಕೇಕ್ ಪತ್ರಿಕೆ

ಹೊಳಲ್ಕೆರೆಯಲ್ಲಿ ನಮ್ಮ ಯಜಮಾನರು ತೂಕ-ಅಳತೆ ಇನ್ಸ್‌ಪೆಕ್ಟರಾಗಿದ್ದ ಕಾಲ. ಅವರು ಬೀದಿಯ ತುದಿಯಲ್ಲಿ ಕಾಣಿಸಿದರೆ ಸಾಕು, ಮಂಡಿಯ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವು. ಇಂಥವರ ಹೆಂಡತಿಗೆ ಟೋಪಿ ಹಾಕುವವರು ಯಾರು? ಈ ಧೈರ್ಯದಲ್ಲಿ ನಾನು ಕಾನ್ವೆಂಟಿನ ಗುಂಡು ಅಕ್ಷರದಲ್ಲಿ ಒಂದು ಕೂಪನ್ ತುಂಬಿ ಬೊಂಬಾಯಿಗೆ ಕಳಿಸಿದೆ. ಕೇಕ್ ಮಾಡುವುದನ್ನು ಕಲಿಸುವ ಇಂಗ್ಲಿಷ್ ಮಾಸಪತ್ರಿಕೆ. ಮೊದಲ ಸಂಚಿಕೆ ಉಚಿತ.

ಎರಡನೆಯದು ವಿ.ಪಿ.ಯಲ್ಲಿ ಬಂತು. ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು! ಕೊಟ್ಟೆ. ಬೇಡವೆಂದು ತಿಳಿಸದವರ ಚಂದಾ ತಾನಾಗಿ ಮುಂದುವರಿಯುತ್ತದೆಂದು ಕೊನೆಯ ಪುಟದ ಅಂಚಿನಲ್ಲಿ ಇರುವೆ ಸಾಲಿನಂತೆ ಅಚ್ಚಾಗಿತ್ತು. ನಮ್ಮ ಮನೆಯಲ್ಲಿದ್ದದ್ದು ಸೀಮೆಎಣ್ಣೆ ಸ್ಟವ್. ಓವನ್ ಇದ್ದದ್ದು ಪತ್ರಿಕೆಯ ಚಿತ್ರದಲ್ಲಿ ಮಾತ್ರ.

ಯಜಮಾನರಿಗೆ ಹೇಳುವಂತಿಲ್ಲ. ಇನ್ಸ್‌ಪೆಕ್ಟರ ಹೆಂಡತಿಯೇ ಮೋಸಹೋದಳೆಂದು ಮಂಡಿಯವರಿಗೆ ತಿಳಿದರೆ ಯಜಮಾನರ ಮಾತಿಗೆ ಬೆಲೆ ಎಲ್ಲಿ? ಮುಂದಿನ ಪಾರ್ಸಲ್ ಬರುವ ಹೊತ್ತಿಗೆ ಮನೆಗೆ ಬೀಗ ಹಾಕಿ ದೇವಸ್ಥಾನದಲ್ಲಿ ಕುಳಿತೆ. ಮರಳಿದಾಗ ಪಕ್ಕದ ಮನೆಯ ಗಿರಿಜಕ್ಕ ಪಾರ್ಸಲ್ ಹಿಡಿದು ನಿಂತಿದ್ದರು.

“ನೀನಿರ್ಲಿಲ್ಲ, ನಾನೇ ದುಡ್ಡು ಕೊಟ್ಟು ಬಿಡಿಸ್ಕಂಡೆ. ವಾಪಸ್ ಹೋಗಿದ್ರೆ ಏನ್ ಗತಿ?”

ಅಷ್ಟರಲ್ಲಿ ಯಜಮಾನರೂ ಬಂದರು. ನಿಜ ಹೇಳಿಬಿಟ್ಟೆ. ಅವರು ಬಹು ಗಂಭೀರವಾಗಿ ಪರೀಕ್ಷೆಯ ತಕ್ಕಡಿ ತಂದು ಪಾರ್ಸಲ್ಲನ್ನು ತೂಗಿದರು.

“ಹೊದಿಕೆ ಮೇಲೆ ಬರೆದಷ್ಟೇ ತೂಕ ಐತೆ. ಇದು ನಮ್ಮ ಇಲಾಖೆಗೆ ಬರಲ್ಲ.”

“ಮತ್ತೆ ಯಾವ ಇಲಾಖೆಗೆ ಬರುತ್ತೆ?”

“ನಿನ್ನ ಬಾಯಿಗೆ. ಮುಂದಿನ ಸಲ ಬೇಡ ಅನ್ನು, ಅಂಚೆಯೋರು ವಾಪಸ್ ಕಳಿಸ್ತಾರೆ. ಮಂಡಿಯೋರ ಮುಂದೆ ನನ್ನ ಮಾನ ಉಳಿಸು.”

ತಿಂಗಳಿಡೀ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಪೋಸ್ಟ್‌ಮ್ಯಾನ್ ಬಂದರು. “ಬೇಡ,” ಎಂದೆ. ಇನ್ನೊಮ್ಮೆ, ಗಂಟಲು ಸರಿಮಾಡಿಕೊಂಡು, “ಬೇಡ.” ಪಾಪ, ಅವರು ಸೈಕಲ್ ತಿರುಗಿಸಿಯೂ ಆಗಿತ್ತು.

ಗೋಡೆಯಾಚೆಯಿಂದ ಗಿರಿಜಕ್ಕ ಕೂಗಿದರು: “ಏನಪ್ಪ, ಮರ್ಯಾದಸ್ತರ ಮನೇಲಿ ಎರಡು ಸಲ ಬೇಡ ಅನ್ನೋದು ರೂಢಿ ಅಲ್ವಾ? ಅದನ್ನೇ ನಿಜ ಅನ್ಕಂಡು ಹೊಂಟ್ಯಾ? ಕೊಡಿಲ್ಲಿ. ಬೊಂಬಾಯಿಂದ ತರಿಸ್ಕಂಡಾಳೆ, ಆಸೆ ಇರಲ್ವಾ?”

ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಮಂಡಿ ವ್ಯಾಪಾರಿಗಳು ನಿಂತು, ಎಲ್ಲ ಕೇಳಿಸಿಕೊಂಡು, ನನಗೆ ಕೈಮುಗಿದು ನಗುತ್ತ ಹೋದರು.

ಮಾನ ಹೋದ ಮೇಲೆ ಕಾಫಿಗೇನು ಎಂದು ಗಿರಿಜಕ್ಕನನ್ನು ಒಳಗೆ ಕರೆದೆ.

“ಬೇಡ ಕಣಮ್ಮ, ಈಗ್ತಾನೆ ಕುಡ್ದೆ,” ಎಂದರು.

ಎರಡನೆಯ ‘ಬೇಡ’ಕ್ಕೂ ಕಾಯದೆ ಲೋಟ ತುಂಬಿಸಿದೆ.